ಎರಡು ಕಡ್ಡಿ, ಒಂದು ಕೊಕ್ಕೆ

ನೂಲಿನ ಉಂಡೆಯೊಂದನ್ನು ಮುಂದಿಟ್ಟು, ಇದನ್ನು ಬಟ್ಟೆಯಾಗಿಸುವ ಬಗೆ ಯಾವುದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರವನ್ನು ಕೊಡುತ್ತಾರೆ. ನೇಕಾರನು ಹಾಸು ಹೊಕ್ಕುಗಳ ಮಾತನ್ನಾಡುತ್ತಾನೆ. ಬೆಸ್ತನು ಗಂಟಿನ ಮೇಲೆ ಗಂಟು ಹಾಕಿ ಬಲೆಯನ್ನು ತೋರಿಸುತ್ತಾನೆ. ಸ್ವೆಟರ್ ಹೆಣೆಯುವವಳು ಎರಡು ಕಡ್ಡಿಗಳನ್ನು ಎತ್ತಿ ಹಿಡಿಯುತ್ತಾಳೆ. ಕ್ರೋಶಾ ಬಲ್ಲವಳು ತುದಿ ಬಾಗಿದ ಒಂದೇ ಒಂದು ಕೊಕ್ಕೆಯನ್ನು ಮುಂದೆ ಮಾಡುತ್ತಾಳೆ. ನೂಲು ಒಂದೇ ಆದರೂ ಅದು ಕೈಯಿಂದ ಕೈಗೆ ಬೇರೆ ಬೇರೆ ನಿಯಮಗಳಿಗೆ ಒಳಗಾಗುತ್ತದೆ. ಒಂದು ಕೈಯ ನಿಯಮದಿಂದ ಹುಟ್ಟಿದ ವಸ್ತುವನ್ನು ಇನ್ನೊಂದು ಕೈಯ ನಿಯಮಕ್ಕೆ ತರುವುದು ಹೇಗೆ ಎಂಬುದು ಮೇಲುನೋಟಕ್ಕೆ ಅಲ್ಪವಾದ ಪ್ರಶ್ನೆಯೆನಿಸಬಹುದು. ಆದರೆ ನಮ್ಮ ಮನೆಯಲ್ಲಿ ಅದು ಒಮ್ಮೆ ಬಹು ದೊಡ್ಡ ಪ್ರಶ್ನೆಯಾಗಿತ್ತು.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ. ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. ವಿಳಾಸ ಮೂರು ಸಲ ಬದಲಾದರೂ ಊರು ಇದ್ದಲ್ಲಿಯೇ ಇದೆ. ಜೋಳ, ಮೆಕ್ಕೆಜೋಳಗಳ ಬಯಲುಸೀಮೆ ಇದು. ಬೇಸಗೆಯಲ್ಲಿ ಕಾದ ಹಂಚಿನಂತಿರುವ ನೆಲ ಮಾಗಿಯ ಬೆಳಗಿನಲ್ಲಿ ಚೆನ್ನಾಗಿಯೇ ತಣ್ಣಗಾಗುತ್ತದೆ. ಈ ಸೀಮೆಗೆ ಉಣ್ಣೆ ಹೊಸದಲ್ಲ. ಕುರಿಯ ತುಪ್ಪಟವನ್ನು ಕತ್ತರಿಸಿ, ನೂತು, ಹುಣಿಸೆಬೀಜದ ಗಂಜಿಯನ್ನು ಹಚ್ಚಿ, ಕುಣಿಮಗ್ಗದಲ್ಲಿ ಕಂಬಳಿ ನೇಯುವ ಕುರುಬರ ಮನೆತನಗಳು ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಬಹುಕಾಲದಿಂದ ಇವೆ. ಆದರೆ ಕಂಬಳಿ ಕುರಿ ಕಾಯುವವರ ಹೆಗಲಿಗೆ ಒಪ್ಪುವ ವಸ್ತು. ತೊಟ್ಟಿಲಿನ ಎಳೆಗೂಸಿನ ತಲೆಗೆ ಅದಕ್ಕಿಂತ ಮೆತ್ತನೆಯದು ಬೇಕು. ಬಾಣಂತಿಯ ಮನೆಯಲ್ಲಿ ಹಿರಿಯರು ಮೊದಲು ಕೇಳುವ ಪ್ರಶ್ನೆಯೇ ಮಗುವಿನ ಕಿವಿ ಮುಚ್ಚಿದೆಯೇ ಎಂಬುದು. ಅದಕ್ಕಾಗಿಯೇ ನಮ್ಮಲ್ಲಿ ಕುಂಚಿಗೆಯೂ ಕುಲಾವಿಯೂ ಹುಟ್ಟಿಕೊಂಡವು.

ನಮ್ಮ ಮನೆತನದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಕುಲಾವಿಯನ್ನು ಹೆಣೆದುಕೊಟ್ಟವಳು ನಮ್ಮ ದೊಡ್ಡವ್ವ. ಎಳೆಯ ವಯಸ್ಸಿನಲ್ಲಿ ಶಾಲೆಯ ಅಕ್ಕೋರೊಬ್ಬರಿಂದ ಎರಡು ಕಡ್ಡಿಯ ಹೆಣಿಗೆಯನ್ನು ಕಲಿತಿದ್ದಳಂತೆ. ಕೆಂಪು ರಟ್ಟಿನ ಒಂದು ನೋಟುಪುಸ್ತಕದಲ್ಲಿ ಕುಲಾವಿಯ ಲೆಕ್ಕವನ್ನು ಬರೆದಿಟ್ಟಿದ್ದಳು. ಎಷ್ಟು ಕುಣಿಕೆ ಹಾಕಬೇಕು, ಎಷ್ಟನೆಯ ಸಾಲಿನಲ್ಲಿ ಬಣ್ಣ ಬದಲಿಸಬೇಕು, ಎಲ್ಲಿಂದ ಕುಣಿಕೆಗಳನ್ನು ಕಡಿಮೆ ಮಾಡುತ್ತ ಹೋಗಬೇಕು ಎಂಬುದೆಲ್ಲ ಅದರಲ್ಲಿತ್ತು. ಪುಟದ ಅಂಚಿನಲ್ಲಿ ಆಯಾ ಮಗುವಿನ ಹೆಸರೂ ಹುಟ್ಟಿದ ತಿಂಗಳೂ ಇದ್ದವು. ಹೀಗಾಗಿ ಆ ಪುಸ್ತಕ ನಮ್ಮ ಮನೆತನದ ಜನನ ದಾಖಲೆಯೂ ಆಗಿತ್ತು. ಕೆಂಪು ನೆಲದ ಮೇಲೆ ಬಿಳಿಯ ಎಂಟು ವಜ್ರಾಕೃತಿಗಳು ಸಾಲಾಗಿ ನಿಂತ ಆ ಕುಲಾವಿಯನ್ನು ನಾನೂ ತೊಟ್ಟಿದ್ದೇನೆ. ನನ್ನ ತಮ್ಮಂದಿರೂ ತೊಟ್ಟಿದ್ದಾರೆ.

ಎಂಬತ್ತು ದಾಟಿದ ಮೇಲೆ ದೊಡ್ಡವ್ವನ ಕೈಗಳಲ್ಲಿ ನಡುಕ ಕಾಣಿಸಿಕೊಂಡಿತು. ಬರಬರುತ್ತ ಬೆರಳಿನ ಕೀಲುಗಳೂ ಬಿಗಿದುಕೊಂಡವು. ಚಹದ ಲೋಟವನ್ನು ಎರಡು ಕೈಗಳಿಂದ ಹಿಡಿಯುವುದಕ್ಕೆ ಅವಳು ಹೊಂದಿಕೊಂಡಳು. ಆದರೆ ಕಡ್ಡಿಗಳು ಆ ಕೈಗೆ ಒಗ್ಗಲಿಲ್ಲ. ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಏಕಕಾಲಕ್ಕೆ ಕಡ್ಡಿಯ ಮೇಲೆ ಬಾಯಿ ತೆರೆದುಕೊಂಡು ಕುಳಿತಿರುತ್ತವೆ. ಕೈ ಒಮ್ಮೆ ನಡುಗಿ ಕಡ್ಡಿ ಜಾರಿತೆಂದರೆ ಇಪ್ಪತ್ತು ಮೂವತ್ತು ಕುಣಿಕೆಗಳು ಒಮ್ಮೆಗೇ ಉದುರಿ, ಕೆಳಗಿನ ಸಾಲುಗಳಿಗೂ ಬಿಚ್ಚಿಕೊಳ್ಳುತ್ತ ಹೋಗುತ್ತವೆ. ಅವುಗಳನ್ನು ಮರಳಿ ಹೆಕ್ಕುವುದಕ್ಕೆ ಹದವಾದ ಬೆರಳೂ ಚುರುಕಾದ ಕಣ್ಣೂ ಬೇಕು. ಅವಳ ಮೊಮ್ಮಗಳು ತುಂಬು ಗರ್ಭಿಣಿಯಾಗಿ ತವರಿಗೆ ಬಂದ ಆ ಮಾಗಿಯಲ್ಲಿ ದೊಡ್ಡವ್ವ ಮೂರು ಸಲ ಹೆಣಿಗೆಯನ್ನು ಆರಂಭಿಸಿದಳು. ಮೂರು ಸಲವೂ ಅದು ಬಿಚ್ಚಿಹೋಯಿತು. ಕೊನೆಗೆ ಕಡ್ಡಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, “ಈ ಸಲ ಅಂಗಡಿಯಿಂದ ತಂದುಬಿಡ್ರಿ” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನನಗೆ ಬರುತ್ತಿದ್ದುದು ಕ್ರೋಶಾ. ನಮ್ಮ ಕಡೆಯ ಮನೆಗಳ ಬಾಗಿಲ ತೋರಣ, ಮೇಜಿನ ಹಾಸು, ರೇಡಿಯೋ ಟಿ.ವಿ.ಗಳ ಮೇಲಿನ ಹೊದಿಕೆಗಳನ್ನು ನೀವು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಬಹುಪಾಲು ಕೊಕ್ಕೆಯ ಕೆಲಸವೇ. ಕೊಕ್ಕೆಯ ಹೆಣಿಗೆಯಲ್ಲಿ ಬಿಚ್ಚಿಕೊಳ್ಳಬಲ್ಲ ಕುಣಿಕೆ ಯಾವಾಗಲೂ ಸಾಮಾನ್ಯವಾಗಿ ಒಂದೇ. ಉಳಿದವೆಲ್ಲ ಒಂದರೊಳಗೊಂದು ಕಟ್ಟಿಕೊಂಡು ಭದ್ರವಾಗಿರುತ್ತವೆ. ಕೈ ನಡುಗಿ ಕೊಕ್ಕೆ ಕೆಳಗೆ ಬಿದ್ದರೂ ಹೋಗುವುದು ಒಂದು ಕುಣಿಕೆ. ಅದನ್ನು ಮರಳಿ ಹಿಡಿಯುವುದು ಎಂಬತ್ತರ ಕಣ್ಣಿಗೂ ಸಾಧ್ಯ. ಹಾಗಾದರೆ ದೊಡ್ಡವ್ವನ ಕುಲಾವಿಯನ್ನು ಕೊಕ್ಕೆಗೆ ಏಕೆ ತರಬಾರದು ಎಂದು ನನಗೆ ತೋರಿತು. ನಾನೇ ಹೆಣೆದುಕೊಡುವುದು ಸುಲಭವಾಗಿತ್ತು. ಆದರೆ ಬೇಕಾಗಿದ್ದುದು ಬರಿಯ ಕುಲಾವಿಯಲ್ಲ, ದೊಡ್ಡವ್ವ ಹೆಣೆದ ಕುಲಾವಿ.

ಈ ಎರಡು ಕಲೆಗಳು ಅಕ್ಕತಂಗಿಯರಂತೆ ಕಂಡರೂ ಅವುಗಳ ವಯಸ್ಸಿನಲ್ಲಿ ಬಹಳ ಅಂತರವಿದೆ. ಕಡ್ಡಿಯ ಹೆಣಿಗೆ ಹಳೆಯದು. ಈಜಿಪ್ತಿನಲ್ಲಿ ದೊರೆತ ಮಧ್ಯಯುಗದ ಹತ್ತಿಯ ಕಾಲುಚೀಲಗಳು ಅದರ ಪ್ರಾಚೀನ ಕುರುಹುಗಳಲ್ಲಿ ಸೇರಿವೆ. 1589ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದನು. ಇಂದು ನಾವು ತೊಡುವ ಬನಿಯನ್ನು ಕೂಡ ಆ ಯಂತ್ರದ ವಂಶಕ್ಕೆ ಸೇರಿದ್ದು. ಕ್ರೋಶಾ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ ಚಿಕ್ಕ ಕೊಕ್ಕೆ ಎಂದೇ ಅರ್ಥ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಘೋರ ಕ್ಷಾಮ ಬಂದಾಗ, ಅಲ್ಲಿನ ಎಷ್ಟೋ ಹೆಂಗಸರು ಈ ಕೊಕ್ಕೆಯಿಂದ ಜಾಲರಿ ಹೆಣೆದು ಮನೆಯವರ ಹಸಿವನ್ನು ನೀಗಿದರು. ನೆರೆಯ ಆಂಧ್ರದ ಗೋದಾವರಿ ತೀರದಲ್ಲಿ ಕ್ರೈಸ್ತ ಮಿಷನರಿಗಳು ಅದೇ ಶತಮಾನದಲ್ಲಿ ಕಲಿಸಿದ ಜಾಲರಿಯ ಕೆಲಸ ನರಸಾಪುರದ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆ ಹೆಂಗಸರ ದುಡಿಮೆಯನ್ನು ಕುರಿತು ಮರಿಯಾ ಮೀಸ್ ಎಂಬ ವಿದುಷಿ 1982ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂದು ಎಣಿಸಲ್ಪಟ್ಟದ್ದರಿಂದಲೇ ಅದಕ್ಕೆ ತಕ್ಕ ಕೂಲಿ ದೊರೆಯದೆ ಹೋಯಿತೆಂದು ಅವರು ತೋರಿಸಿಕೊಟ್ಟರು. ಹೆಂಗಸರ ಕೈಕೆಲಸವನ್ನು ಹೊತ್ತು ಕಳೆಯುವ ಆಟವೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿಯೂ ಇದೆ. ಅದರ ಒಳಗೆ ಎಷ್ಟು ಗಣಿತವಿದೆಯೆಂಬುದನ್ನು ತಿಳಿಯಬೇಕಾದರೆ ಒಂದು ಕುಲಾವಿಯ ಲೆಕ್ಕವನ್ನು ನೋಡಿದರೆ ಸಾಕು.

ದೊಡ್ಡವ್ವನ ಪುಸ್ತಕದಲ್ಲಿ ಮೊದಲನೆಯ ಸಾಲಿಗೆ 80 ಕುಣಿಕೆಗಳೆಂದು ಇತ್ತು. ಎಂಬತ್ತು ಕುಣಿಕೆಗಳ ಬದಲಿಗೆ ಕೊಕ್ಕೆಯಲ್ಲಿ ಎಂಬತ್ತು ಕಂಬಗಳನ್ನು ಹಾಕಿದರೆ ಕೆಲಸ ಮುಗಿಯಿತಲ್ಲ ಎಂದು ಯಾರಾದರೂ ಹೇಳಬಹುದು. ಕೊಕ್ಕೆಯ ಹೆಣಿಗೆಯಲ್ಲಿ ನೂಲನ್ನು ಎಳೆದು ನಿಲ್ಲಿಸುವ ಒಂದೊಂದು ಘಟಕಕ್ಕೆ ನಾವು ಕಂಬವೆನ್ನುತ್ತೇವೆ. ಅದರಲ್ಲಿ ಗಿಡ್ಡ ಕಂಬವೂ ಉಂಟು, ಉದ್ದ ಕಂಬವೂ ಉಂಟು. ಕುಣಿಕೆ ಬೇರೆ, ಕಂಬ ಬೇರೆ. ಅವುಗಳ ಮೈಯಳತೆಯನ್ನು ತಿಳಿಯಲು ಮೊದಲು ಒಂದೊಂದು ಮಾದರಿ ತುಂಡನ್ನು ಹೆಣೆದು ಅಳೆಯಬೇಕು. ಹಳೆಯ ಕುಲಾವಿಯೊಂದರ ಮೇಲೆ ನಾನು ಅಳತೆಪಟ್ಟಿಯನ್ನಿಟ್ಟು ಎಣಿಸಿದಾಗ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆಗಳೂ, 10 ಸೆಂಟಿಮೀಟರ್ ಎತ್ತರಕ್ಕೆ 30 ಸಾಲುಗಳೂ ಇದ್ದವು. ಅಂಥದೇ ದಪ್ಪದ ನೂಲಿನಿಂದ ಗಿಡ್ಡ ಕಂಬಗಳನ್ನು ಹೆಣೆದು ನೋಡಿದಾಗ ಅಷ್ಟೇ ಅಗಲಕ್ಕೆ 17 ಕಂಬಗಳೂ, ಅಷ್ಟೇ ಎತ್ತರಕ್ಕೆ 19 ಸಾಲುಗಳೂ ಹಿಡಿದವು. ಇನ್ನು ಮುಂದಿನದು ನೀವು ಗಣಿತದಲ್ಲಿ ಕಲಿತಿರುವ ತ್ರೈರಾಶಿ.

ಎಂಬತ್ತು ಕುಣಿಕೆಗಳ ಸುತ್ತಳತೆ 36 ಸೆಂಟಿಮೀಟರಿಗಿಂತ ತುಸು ಹೆಚ್ಚು. ಎಂಬತ್ತು ಗಿಡ್ಡ ಕಂಬಗಳನ್ನು ಹಾಕಿದರೆ ಅದು 47 ಸೆಂಟಿಮೀಟರ್ ಆಗುತ್ತದೆ. ಅಂಥ ಕುಲಾವಿ ತೊಟ್ಟಿಲಿನ ಕೂಸಿನ ಮೂಗನ್ನೂ ಮುಚ್ಚೀತು. ತಿಂಗಳು ತುಂಬಿದ ಮಗುವಿನ ತಲೆಗೆ ಸುಮಾರು 38 ಸೆಂಟಿಮೀಟರ್ ಬೇಕೆಂದು ಇಟ್ಟುಕೊಂಡೆವು. ಕಡ್ಡಿಯ ಹೆಣಿಗೆ ರಬ್ಬರಿನಂತೆ ಹಿಗ್ಗುವುದರಿಂದ 36 ಸೆಂಟಿಮೀಟರಿನ ಕುಲಾವಿ 38 ಸೆಂಟಿಮೀಟರಿನ ತಲೆಯನ್ನು ಅಪ್ಪಿಕೊಳ್ಳುತ್ತದೆ. ಕೊಕ್ಕೆಯ ಹೆಣಿಗೆಗೆ ಅಷ್ಟು ಔದಾರ್ಯವಿಲ್ಲ. ಆದುದರಿಂದ ತಲೆಯ ಅಳತೆಯನ್ನೇ ಹಿಡಿದು ಲೆಕ್ಕ ಹಾಕಬೇಕು. 38 ಸೆಂಟಿಮೀಟರಿಗೆ ಅರವತ್ತನಾಲ್ಕೂವರೆ ಕಂಬಗಳಾಗುತ್ತವೆ. ಅರ್ಧ ಕಂಬ ಎಂಬುದು ಇಲ್ಲವಾದ್ದರಿಂದ 64 ಎಂದು ನಿಶ್ಚಯಿಸಿದೆವು. ಆ ಸಂಖ್ಯೆಯನ್ನು ಆರಿಸಲು ಇನ್ನೊಂದು ಕಾರಣವೂ ಇತ್ತು. ದೊಡ್ಡವ್ವನ ಕುಲಾವಿಯಲ್ಲಿ ಎಂಟು ವಜ್ರಗಳಿದ್ದವು. 64 ಎಂಟರಿಂದ ಶೇಷವಿಲ್ಲದೆ ಭಾಗವಾಗುತ್ತದೆ.

ವಜ್ರವನ್ನು ತರುವಾಗ ಇನ್ನೊಂದು ತೊಡಕು ಎದುರಾಯಿತು. ಹಳೆಯ ವಜ್ರ ಒಂಬತ್ತು ಕುಣಿಕೆ ಅಗಲ, ಒಂಬತ್ತು ಸಾಲು ಎತ್ತರವಿತ್ತು. ಹತ್ತು ಕುಣಿಕೆಗಳಿಗೊಂದರಂತೆ ಎಂಟು ವಜ್ರಗಳು ಸುತ್ತಲೂ ನಿಂತಿದ್ದವು. ಕುಣಿಕೆಯ ಎತ್ತರ ಅದರ ಅಗಲಕ್ಕಿಂತ ಕಡಿಮೆಯಾದುದರಿಂದ ಆ ವಜ್ರ ತುಸು ಚಪ್ಪಟೆಯಾಗಿ ಕಾಣುತ್ತಿತ್ತು. ಗಿಡ್ಡ ಕಂಬ ಹೆಚ್ಚುಕಡಿಮೆ ಚೌಕ. ಚೌಕುಳಿ ಹಾಳೆಯ ಮೇಲೆ ವಜ್ರವನ್ನು ಹೊಸದಾಗಿ ಬರೆದೆವು. ಏಳು ಕಂಬ ಅಗಲ, ಏಳು ಸಾಲು ಎತ್ತರ, ನಡುವೆ ಒಂದು ಕಂಬದ ಬಿಡುವು. ಹೀಗೆ ಎಂಟು ಕಂಬಗಳಿಗೊಂದು ವಜ್ರವಾಯಿತು. ಅಳೆದು ನೋಡಿದರೆ ಹೊಸ ವಜ್ರದ ಅಗಲ ಹಳೆಯದರಷ್ಟೇ, ನಾಲ್ಕು ಸೆಂಟಿಮೀಟರಿಗೆ ತುಸು ಮೇಲೆ. ಎತ್ತರ ಮಾತ್ರ ಮೂರು ಸೆಂಟಿಮೀಟರಿನಿಂದ ಮೂರೂಮುಕ್ಕಾಲಿಗೆ ಏರಿತು. ಆ ಮುಕ್ಕಾಲನ್ನು ಮೇಲಿನ ಬರಿಯ ಸಾಲುಗಳಿಂದ ಕಳೆದುಬಿಟ್ಟೆವು. ಮೊದಲಿನ 24 ಸಾಲುಗಳ ಎಂಟು ಸೆಂಟಿಮೀಟರ್ ಈಗ 15 ಸುತ್ತುಗಳಲ್ಲಿ ಮುಗಿಯಿತು.

ನೆತ್ತಿಯ ಕಡೆಗೆ ಕಿರಿದಾಗುವ ಭಾಗದ್ದು ಮತ್ತೊಂದು ಲೆಕ್ಕ. ಕಡ್ಡಿಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಎಂಟೆಂಟು ಕುಣಿಕೆಗಳನ್ನು ಕಡಿಮೆ ಮಾಡುತ್ತ, ಒಂಬತ್ತು ಕಡಿತಗಳ ನಂತರ ಉಳಿದ ಎಂಟನ್ನು ನೂಲಿನಿಂದ ಪೋಣಿಸಿ ಬಿಗಿಯುತ್ತಿದ್ದರು. ಅದಕ್ಕೆ 18 ಸಾಲುಗಳು, ಎಂದರೆ ಆರು ಸೆಂಟಿಮೀಟರ್. ಕೊಕ್ಕೆಯಲ್ಲಿ 64ರಿಂದ ಎಂಟಕ್ಕೆ ಇಳಿಯಲು ಏಳು ಕಡಿತಗಳು ಸಾಕು. ಆದರೆ ಆರು ಸೆಂಟಿಮೀಟರಿನಲ್ಲಿ ಹಿಡಿಯುವುದು ಹನ್ನೊಂದೇ ಸುತ್ತು. ಮೊದಲ ನಾಲ್ಕು ಕಡಿತಗಳ ನಂತರ ಒಂದೊಂದು ಬರಿಯ ಸುತ್ತು, ಕೊನೆಯ ಮೂರು ಕಡಿತಗಳು ಒಂದರ ಬೆನ್ನಿಗೆ ಒಂದು. ಎಲ್ಲ ಕೂಡಿ ಹನ್ನೊಂದಾಯಿತು. ನೆತ್ತಿ ಗುಂಡಗೆ ಬಂದಿತು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಹಣೆಯ ಮೇಲಿನ ಅಂಚು. ಎರಡು ಕುಣಿಕೆ ನೇರ, ಎರಡು ಕುಣಿಕೆ ತಿರುವು ಎಂದು ಹೆಣೆದ ಗೆರೆಗೆರೆಯ ಅಂಚು ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುತ್ತದೆ. ಕುಲಾವಿ ಜಾರದಂತೆ ಹಿಡಿಯುವುದು ಅದೇ. ಕೊಕ್ಕೆಯಲ್ಲಿ ಈ ಗುಣ ಸಾಲಿನ ಉದ್ದಕ್ಕೆ ಸುಲಭವಾಗಿ ಬರುವುದಿಲ್ಲ, ಅಡ್ಡಕ್ಕೆ ಬರುತ್ತದೆ. ಐದು ಕಂಬ ಅಗಲದ ಒಂದು ಪಟ್ಟಿಯನ್ನು, ಪ್ರತಿ ಸಾಲಿನಲ್ಲಿಯೂ ಕಂಬದ ತಲೆಯ ಹಿಂದಿನ ಎಳೆಯನ್ನು ಮಾತ್ರ ಹಿಡಿದು ಹೆಣೆಯುತ್ತ ಹೋದರೆ ಅದು ಏಣಿಯ ಮೆಟ್ಟಿಲಿನಂತೆ ಗೆರೆಗೆರೆಯಾಗುತ್ತದೆ. ಅಂಥ 64 ಸಾಲುಗಳಾದ ಮೇಲೆ ಪಟ್ಟಿಯನ್ನು ಅಡ್ಡ ತಿರುಗಿಸಿ, ತುದಿಗಳನ್ನು ಕೂಡಿಸಿ, ಸಾಲಿಗೊಂದರಂತೆ 64 ಕಂಬಗಳನ್ನು ಎತ್ತಿಕೊಂಡರೆ ಕುಲಾವಿಯ ಬುಡ ಸಿದ್ಧವಾಗುತ್ತದೆ. ಹೀಗೆ, ಅದೇ ಫಲವನ್ನು ಪಡೆಯಲು ನಾವು ಹೊರಟ ದಿಕ್ಕನ್ನೇ ಬದಲಿಸಬೇಕಾಯಿತು.

ಕಷ್ಟಗಳನ್ನು ಮರೆಮಾಚಬಾರದು. ಕೊಕ್ಕೆಯ ಹೆಣಿಗೆ ನೂಲನ್ನು ಹೆಚ್ಚು ತಿನ್ನುತ್ತದೆ, ಬಟ್ಟೆಯೂ ದಪ್ಪ. ಆದುದರಿಂದ ಹೆಚ್ಚಿಗೆ ಒಂದು ಉಂಡೆಯನ್ನು ತರಿಸಿದೆವು. ದೊಡ್ಡವ್ವನ ಬೆರಳುಗಳಿಗೆ ಕೊಕ್ಕೆಯ ಸಣ್ಣ ಹಿಡಿಕೆ ನಿಲುಕುತ್ತಿರಲಿಲ್ಲ. ಅದಕ್ಕೆ ಹಳೆಯ ಬಟ್ಟೆಯ ಪಟ್ಟಿಯನ್ನು ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿದೆವು. ವಜ್ರದ ಸಾಲುಗಳಲ್ಲಿ ಪ್ರತಿ ಎಂಟು ಕಂಬಗಳಿಗೊಮ್ಮೆ ಬೇರೆ ಬಣ್ಣದ ನೂಲಿನ ಗುರುತನ್ನು ಕಟ್ಟಿದೆವು. ಆಗ ಅರವತ್ತನಾಲ್ಕರ ತನಕ ಎಣಿಸುವ ತಾಪತ್ರಯವಿಲ್ಲ, ಎಂಟರ ತನಕ ಎಣಿಸಿದರೆ ಸಾಕು. ಮೊದಲ ದಿನ ದೊಡ್ಡವ್ವ ಒಂದು ಗೇಣು ಪಟ್ಟಿಯನ್ನೂ ಮುಗಿಸಲಿಲ್ಲ. ಕೈ ನಡುಗಿತು, ಕೊಕ್ಕೆ ಮಡಿಲಿಗೆ ಬಿತ್ತು. ಅವಳು ಗಾಬರಿಯಿಂದ ಹೆಣಿಗೆಯನ್ನು ಎತ್ತಿ ನೋಡಿದಳು. ಒಂದು ಕುಣಿಕೆ ಸಡಿಲಾಗಿತ್ತು, ಅಷ್ಟೆ. ಉಳಿದುದೆಲ್ಲ ಇದ್ದಂತೆಯೇ ಇತ್ತು. “ಬಿಚ್ಚಿಲ್ಲಲ್ಲವ್ವಾ!” ಎಂದಳು. ಆ ಮೇಲೆ ಕೊಕ್ಕೆ ಎಷ್ಟು ಸಲ ಬಿದ್ದಿತೋ ಲೆಕ್ಕವಿಲ್ಲ. ಅವಳು ಅದನ್ನು ನೆಲದ ಮೇಲಿಂದ ಎತ್ತಿಕೊಳ್ಳುವಾಗ ಮುಖ ಕೆಡಿಸಿಕೊಳ್ಳಲಿಲ್ಲ.

ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನದ ಹಿಂದಿನ ಸಂಜೆ ದೊಡ್ಡವ್ವ ಕೊನೆಯ ಎಂಟು ಕಂಬಗಳನ್ನು ಪೋಣಿಸಿ ಬಿಗಿದಳು. ಕುಲಾವಿಯನ್ನು ಮೊಣಕಾಲಿನ ಮೇಲೆ ತೊಡಿಸಿ, ಹಳೆಯ ಕುಲಾವಿಯನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು. ಹೊಗಳಿಕೆಯನ್ನು ನಿರೀಕ್ಷಿಸುತ್ತ ನಾನು ಎದುರಿಗೆ ಕುಳಿತಿದ್ದೆ. “ಇದು ಅದಲ್ಲ” ಎಂದಳು. ಸ್ವಲ್ಪ ತಡೆದು, “ಆದ್ರ ಇದೂ ನಂದ ಐತಿ” ಎಂದಳು. ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಎಲ್ಲಿಯೂ ಕೇಳಿಲ್ಲ. ಮೇಲ್ಮೈಯಲ್ಲಿ ಕುಣಿಕೆಗಳ ನುಣುಪು ಇರಲಿಲ್ಲ. ಕಂಬಗಳ ಉಬ್ಬು ಇತ್ತು. ವಜ್ರಗಳು ಮೊದಲಿಗಿಂತ ನೆಟ್ಟಗೆ ನಿಂತಿದ್ದವು. ಆದರೆ ಕೆಂಪು ನೆಲವಿತ್ತು, ಬಿಳಿಯ ಎಂಟು ವಜ್ರಗಳಿದ್ದವು, ಕಿವಿ ಮುಚ್ಚುತ್ತಿತ್ತು, ಮಾಡಿದ ಕೈ ಅದೇ ಆಗಿತ್ತು.

ಭಾಷೆಯಿಂದ ಭಾಷೆಗೆ ಕೃತಿಗಳನ್ನು ತಂದವರಿಗೂ ಈ ಅನುಭವ ಆಗಿರಬೇಕೆಂದು ನನಗೆ ತೋರುತ್ತದೆ. ಗ್ರೀಕ್ ನಾಟಕಕಾರನಾದ ಸೋಫೋಕ್ಲೀಸನ ‘ಅಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದಾಗ ಗ್ರೀಕ್ ವೀರನ ಹೆಸರನ್ನು ಹಾಗೆಯೇ ಎತ್ತಿ ಇಡಲಿಲ್ಲ. ನಮ್ಮ ಮಹಾಭಾರತದ ಅಶ್ವತ್ಥಾಮನಲ್ಲಿ ಆ ದುಃಖಕ್ಕೆ ತಕ್ಕ ನೆಲೆಯನ್ನು ಕಂಡುಕೊಂಡು, 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಕೊಟ್ಟರು. ಮಾತಿಗೆ ಮಾತನ್ನು ಎಣಿಸಿ ಇಟ್ಟಿದ್ದರೆ ಅದು ಎಂಬತ್ತು ಕುಣಿಕೆಗೆ ಎಂಬತ್ತು ಕಂಬಗಳನ್ನು ಹಾಕಿದಂತೆ ಆಗುತ್ತಿತ್ತು. ಅವರು ಅಳೆದದ್ದು ತಲೆಯನ್ನು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡವರಿಗೆ ಮಾತ್ರ ಇಂಥ ಕೆಲಸ ಸಾಧ್ಯ. ನಮ್ಮ ಕುಲಾವಿಯಲ್ಲಿ ಸಂಖ್ಯೆಗಳನ್ನು ಬಿಟ್ಟೆವು, ದಿಕ್ಕನ್ನು ಬಿಟ್ಟೆವು, ಉಪಕರಣವನ್ನೂ ಬಿಟ್ಟೆವು. ಮಗುವಿನ ತಲೆಯ ಅಳತೆಯನ್ನೂ ದೊಡ್ಡವ್ವನ ಎಂಟು ವಜ್ರಗಳನ್ನೂ ಬಿಡಲಿಲ್ಲ.

ಕೈಯ ಬಲ ಕುಂದಿದವರನ್ನು ಕಂಡಾಗ, ಇನ್ನು ಇವರಿಂದ ಆಗದು ಎಂದು ನಾವು ಬೇಗನೆ ತೀರ್ಮಾನಿಸಿಬಿಡುತ್ತೇವೆ. ಅವರಿಂದ ಆಗದೆ ಹೋದದ್ದು ಕೆಲಸವೋ ಅಥವಾ ಆ ಕೆಲಸದ ಒಂದು ರೀತಿಯೋ ಎಂದು ವಿಚಾರಿಸುವ ತಾಳ್ಮೆ ನಮಗಿರುವುದಿಲ್ಲ. ಕೆಲಸವನ್ನು ಕೈಯಿಂದ ಕಸಿದುಕೊಳ್ಳುವುದಕ್ಕೆ ಮೊದಲು, ಅದನ್ನು ಆ ಕೈಗೆ ಹೊಂದುವಂತೆ ತಿದ್ದಲು ಬರುತ್ತದೆಯೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಅದಕ್ಕೆ ಬೇಕಾದ ಸಾಮಗ್ರಿ ಬಹಳವಿಲ್ಲ: ಒಂದು ಅಳತೆಪಟ್ಟಿ, ಒಂದು ಚೌಕುಳಿ ಹಾಳೆ, ಸ್ವಲ್ಪ ತ್ರೈರಾಶಿ, ಮತ್ತು ಎದುರಿಗೆ ಕುಳಿತವರ ಕೈಗಳನ್ನು ಗಮನವಿಟ್ಟು ನೋಡುವ ಕಣ್ಣು.

ಕೆಂಪು ರಟ್ಟಿನ ಪುಸ್ತಕದಲ್ಲಿ ಈಗ ಎರಡು ಲೆಕ್ಕಗಳಿವೆ. ಹಳೆಯದನ್ನು ದೊಡ್ಡವ್ವ ಹೊಡೆದುಹಾಕಲು ಬಿಡಲಿಲ್ಲ. ಎಡಪುಟದಲ್ಲಿ 80, ಬಲಪುಟದಲ್ಲಿ 64. ಬಲಪುಟವನ್ನು ಬರೆದವಳು ನಾನು; ಅಂಚಿನಲ್ಲಿ ಮಗುವಿನ ಹೆಸರನ್ನೂ ತಿಂಗಳನ್ನೂ ದೊಡ್ಡವ್ವ ತಾನೇ ಬರೆದಳು. ಅಕ್ಷರಗಳು ಅಲ್ಲಲ್ಲಿ ನಡುಗಿವೆ. ಆದರೆ ಓದಲು ಬರುತ್ತವೆ.